ವರ್ಷಕ್ಕೊಬ್ಬ ಅಪ್ಪ

ನಮ್ಮ ಓಣಿಯ ಕಾಕಾನ ಅಪ್ಪ ವರ್ಷಕ್ಕೊಮ್ಮೆ ಬದಲಾಗುತ್ತಿದ್ದ. ನಂಬದಿದ್ದರೆ ಕಲ್ಲೋಳಿಗೆ ಬಂದು ಯಾರನ್ನಾದರೂ ಕೇಳಿ.

ಕಾಕಾ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಅಪ್ಪ ಬ್ರಿಟಿಷರ ಸೈನ್ಯ ಸೇರಿ ಎರಡನೇ ಮಹಾಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಮನೆಯಲ್ಲಿ ಅವನದೊಂದು ಫೋಟೋ ಇಲ್ಲ. ಅವ್ವ ಹೇಳಿದ ಗುರುತು ಒಂದೇ: 'ನಿಮ್ಮಪ್ಪ ಎಡಚ.' ಅಷ್ಟನ್ನೇ ನಂಬಿ ಕಾಕಾ ಈ ವಯಸ್ಸಿನಲ್ಲಿ ಮೊಬೈಲಿನಲ್ಲಿ ಹಳೆಯ ಸಿಪಾಯಿಗಳ ಫೋಟೋ ಹುಡುಕುತ್ತಿದ್ದ. ಬಂದೂಕು ಎಡ ಹೆಗಲ ಮೇಲಿದ್ದರೆ ಮುಗಿಯಿತು, ಅವನೇ ಅಪ್ಪ. ಗೋಕಾಕದಲ್ಲಿ ಪ್ರಿಂಟ್ ತೆಗೆಸಿ ಕಟ್ಟು ಹಾಕಿಸಿ, ಮಹಾನವಮಿ ಅಮಾವಾಸ್ಯೆಯ ಹಿರಿಯರ ಪೂಜೆಗೆ ವಿಭೂತಿ ಹಚ್ಚಿ ಕೂಡಿಸಿಬಿಡುತ್ತಿದ್ದ.

ಒಂದು ವರ್ಷದ ಅಪ್ಪ ಅಗಲ ಟೋಪಿಯ ಆಸ್ಟ್ರೇಲಿಯಾದವನು. ಮರುವರ್ಷದವನು ಮೊಳಕಾಲಿನವರೆಗೆ ಚೌಕಳಿ ಲಂಗ ಉಟ್ಟ ಸ್ಕಾಟ್ಲೆಂಡಿನ ಬಿಳಿಯ.

'ಏನ್ರಿ, ಮಾವಾರು ಲಂಗ ಉಟ್ಟಾರಲ್ರಿ' ಎಂದಳು ಕಾಕಿ, ತಲೆಯ ಮೇಲೆ ಸೆರಗು ಹೊದ್ದುಕೊಂಡೇ.

'ಸೈನ್ಯದಾಗ ಕೊಟ್ಟದ್ದ ಉಡಬೇಕು.'

'ಇಷ್ಟ್ಯಾಕ ಬೆಳ್ಳಗಾಗ್ಯಾರ?'

'ಥಂಡಿ ದೇಶ.'

ಇಂಥವನಿಗೆ ಏನು ಹೇಳುವುದು? ಹುಕ್ಕೇರಿಯ ನಿವೃತ್ತ ಸುಬೇದಾರರೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ.

'ಕಾಕಾ, ಆಗ ಎಲ್ಲಾರೂ ಎಡ ಹೆಗಲ ಮ್ಯಾಲನ ಬಂದೂಕ ಹೊರ್ತಿದ್ರು. ಗುರಿ ಮಾತ್ರ ಬಲಗೈಲೆ. ಎಡಚರಿಗೂ ಹಂಗ ಕಲಸ್ತಿದ್ರು' ಎಂದರು ಅವರು.

ಹಾಗಾದರೆ ಇಡೀ ಪಲಟನ್ನೇ ಕಾಕಾನ ಅಪ್ಪ! ನಾನು ನಕ್ಕೆ. ಕಾಕಾ ಅಂದಿನಿಂದ ಮೊಬೈಲು ಮುಟ್ಟುವುದನ್ನೇ ಬಿಟ್ಟ.

ಆಗ ನಾನು ಮಾಡಿದ್ದು ಕನಿಕರದಿಂದಲೋ ಕುಚೋದ್ಯದಿಂದಲೋ, ಈಗಲೂ ನನಗೇ ತಿಳಿಯದು. ಪೇಟಾ ಸುತ್ತಿದ ಸಿಪಾಯಿಯೊಬ್ಬ ಬಲಗೈಯಲ್ಲಿ ಗುರಿ ಹಿಡಿದ ಫೋಟೋ ಸಿಕ್ಕಿತು. ಗೋಕಾಕದ ಸ್ಟುಡಿಯೋದವನಿಗೆ ಹೇಳಿ ಅದರ ಎಡಬಲ ತಿರುವುಮುರುವು ಮಾಡಿಸಿದೆ. ಸಿಪಾಯಿ ಎಡಚನಾದ! 'ಸಿಕ್ಕಾರ ನೋಡ್ರಿ' ಎಂದು ಕೊಟ್ಟೆ. ಕಾಕಾ ಬಹಳ ಹೊತ್ತು ನೋಡಿ ಗೋಡೆಗೆ ಹಾಕಿದ. ಮರುವರ್ಷ ಅಪ್ಪ ಬದಲಾಗಲಿಲ್ಲ. ಅದರ ಮರುವರ್ಷವೂ ಇಲ್ಲ. ಅವನ ಮನೆಯ ಹೋಳಿಗೆಯನ್ನು ನಾನು ಎಲೆಯಲ್ಲೇ ಬಿಟ್ಟು ಎದ್ದೆ.

ಈ ಸಲದ ಅಮಾವಾಸ್ಯೆಗೆ, ಪೂಜೆಗೆ ಇಟ್ಟ ಫೋಟೋದ ಮುಂದೆಯೇ ಒಪ್ಪಿಕೊಂಡೆ. 'ಕಾಕಾ, ತಪ್ಪಾತ್ರಿ. ಇವರು ನಿಮ್ಮಪ್ಪ ಅಲ್ಲ. ಫೋಟೋ ಉಲ್ಟಾ ಮಾಡಿಸೇನಿ.'

'ಗೊತ್ತೈತಿ ತಮ್ಮಾ. ಫೋಟೋದಾಗ ಇವನ ಹಿಂದಿನ ಬೋರ್ಡಿನ ಅಕ್ಷರಾನೂ ಉಲ್ಟಾ ಅದಾವಲ್ಲ.'

'ಮತ್ಯಾಕ ಪೂಜಿ ಮಾಡಾಕತ್ತೀರಿ?'

'ಇವನ ಮಗಾನೂ ಎಲ್ಲ್ಯರ ಹುಡುಕತಿರಬೇಕು. ಅವನ ಕೈಗೆ ನಮ್ಮಪ್ಪ ಸಿಕ್ಕಿದ್ರ, ಅವನೂ ಒಂದ್ ಹೂ ಏರಿಸ್ಯಾನು.'

ಕಾಕಿ, ಮಾವ ಎಡಚನೆಂದು, ರೂಢಿಯಂತೆ ನೀರಿನ ತಂಬಿಗೆಯನ್ನು ಫೋಟೋದವನ ಎಡಗೈ ಕಡೆಗೆ ಇಟ್ಟಳು. ಕಾಕಾ ಬಗ್ಗಿ, ಅದನ್ನು ಇನ್ನೊಂದು ಬದಿಗೆ ಸರಿಸಿದ.

'ಈ ಯಜಮಾನ ಬಲಗೈಯಾಂವ' ಎಂದ.