ಬೀಗದವನ ಮಗಳ ಹುಟ್ಟುಗುಣ

ಮುಖ್ಯೋಪಾಧ್ಯಾಯಿನಿಯವರಾದ ಮಾನ್ಯರೇ,

ಕೈಗೆ ಮೆತ್ತಿದ್ದ ಗ್ರೀಸನ್ನು ಎರಡು ಸಲ ಸೋಪು ಹಾಕಿ ತೊಳೆದು, ಅಂಗಡಿಯ ಶಟರನ್ನು ಅರ್ಧ ಇಳಿಸಿ, ತಮ್ಮ ಸನ್ನಿಧಿಗೆ ನಮಸ್ಕಾರ ಸಲ್ಲಿಸುತ್ತಿದ್ದೇನೆ. ಐದನೇ ತರಗತಿಯಲ್ಲಿರುವ ನನ್ನ ಮಗಳ ಪ್ರಗತಿಪತ್ರದಲ್ಲಿ ತಾವು ಕೆಂಪು ಶಾಯಿಯಿಂದ ‘ಬೀಗ ತೆಗೆಯುವ ಚಾಳಿ, ತಂದೆಯಿಂದ ಬಂದ ಹುಟ್ಟುಗುಣ’ ಎಂದು ಬರೆದಿರುವುದನ್ನು ಓದಿ ಧನ್ಯನಾದೆ.

ಕಳೆದ ಸೋಮವಾರ ತಾವು ಬೀರುವಿನ ಕೀಲಿಯನ್ನು ಬೀರುವಿನೊಳಗೇ ಮರೆತು ಬಾಗಿಲು ಒತ್ತಿಬಿಟ್ಟಿರಿ. ಪ್ರಶ್ನೆಪತ್ರಿಕೆಗಳು ಒಳಗೇ ಸಿಕ್ಕಿಕೊಂಡು, ಜವಾನರು ಸುತ್ತಿಗೆ ಹುಡುಕುತ್ತಿದ್ದಾಗ, ನನ್ನ ಮಗಳು ಜಡೆಯ ಪಿನ್ನು ತೆಗೆದು ಅರ್ಧ ನಿಮಿಷದಲ್ಲಿ ಬೀಗ ಬಿಚ್ಚಿದಳು. ತಾವು ಪ್ರಶ್ನೆಪತ್ರಿಕೆಗಳನ್ನು ತೆಗೆದುಕೊಂಡು ಅವಳನ್ನು ತರಗತಿಯ ಹೊರಗೆ ನಿಲ್ಲಿಸಿದಿರಿ. ಇಂಥ ನ್ಯಾಯಬುದ್ಧಿ ಯಾವ ತರಬೇತಿಯಿಂದಲೂ ಬರುವಂಥದ್ದಲ್ಲ, ಹುಟ್ಟಿನಿಂದಲೇ ಬಂದಿರಬೇಕು.

ಆದರೆ ಬೀದಿಗೆಲ್ಲ ಗೊತ್ತಿದ್ದು ತಮಗೆ ಮಾತ್ರ ತಿಳಿಯದ ಒಂದು ಸಂಗತಿಯಿದೆ. ಅವಳು ನಮಗೆ ಹುಟ್ಟಿದವಳಲ್ಲ. ನಾಲ್ಕನೇ ವಯಸ್ಸಿನಲ್ಲಿ ಒಂದು ಬಟ್ಟೆಚೀಲ ಹಿಡಿದು ನಮ್ಮ ಮನೆಗೆ ಬಂದವಳು. ದಿನಾ ಸಂಜೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಬೀಗಕ್ಕೆ ಕಿವಿಯಿಟ್ಟು, ಬೆರಳು ತರಚಿಸಿಕೊಂಡು, ಆರು ವರ್ಷ ಕಲಿತಳು. ಆದ್ದರಿಂದ ಆ ಪದವನ್ನು ಹೊಡೆದುಹಾಕಿ ‘ಕಷ್ಟಪಟ್ಟು ಕಲಿತ ವಿದ್ಯೆ’ ಎಂದು ತಿದ್ದಬೇಕೆಂದು ತಮಗೆ ಖಾರವಾಗಿಯೇ ಒಂದು ಪತ್ರ ಬರೆದಿಟ್ಟಿದ್ದೆ.

ಅದು ಮಗಳ ಕೈಗೆ ಸಿಕ್ಕಿತು. ಹುಟ್ಟುಗುಣವೆಂದರೆ ಏನೆಂದು ಅವಳು ಅಮ್ಮನನ್ನು ಕೇಳಿದಳು. ಹೆತ್ತವರಿಂದ ರಕ್ತದಲ್ಲೇ ಬರುವ ಗುಣವೆಂದು ನನ್ನ ಹೆಂಡತಿ ಹೇಳಿದಳು. ಹುಡುಗಿ ಪ್ರಗತಿಪತ್ರವನ್ನು ಮತ್ತೆ ಓದಿ, “ಹಾಗಿದ್ರೆ ಅಳಿಸಬೇಡಿ ಅಂತ ಮೇಡಂಗೆ ಹೇಳಪ್ಪ, ಸ್ಕೂಲಿನ ಸೀಲೂ ಬಿದ್ದಿದೆ” ಅಂದಳು. ನಾನು ಬೇಕಿಲ್ಲದ ಒಂದು ಅರವನ್ನು ಹುಡುಕುತ್ತಾ ಹಿಂದಿನ ಕೋಣೆಯಲ್ಲಿ ತುಂಬ ಹೊತ್ತು ನಿಂತಿದ್ದೆ.

ಆದ್ದರಿಂದ ಮಾನ್ಯರೇ, ತಮ್ಮ ತಪ್ಪನ್ನು ದಯವಿಟ್ಟು ತಿದ್ದಬೇಡಿ. ಸಾಧ್ಯವಾದರೆ ನನ್ನ ಮೊಂಡು ಮೂಗು, ಗೊರಕೆ ಮತ್ತು ನನ್ನ ತಾಯಿಯ ಸಿಡುಕನ್ನೂ ಅದೇ ಸಾಲಿಗೆ ಸೇರಿಸಿ, ಅವಳು ನಮ್ಮ ಮನೆಯಲ್ಲೇ ಹುಟ್ಟಿದಳೆಂದು ಹತ್ತು ವರ್ಷ ಹಿಂದಿನ ತಾರೀಖು ಹಾಕಿ ಇನ್ನೊಂದು ಸೀಲು ಒತ್ತಿಕೊಡಬೇಕಾಗಿ ಪ್ರಾರ್ಥನೆ. ಈ ಪತ್ರದ ಒಂದು ಪ್ರತಿಯನ್ನು ಅಂಗಡಿಯ ಬಾಗಿಲಿಗೂ ಅಂಟಿಸಿದ್ದೇನೆ.

ಇಂತು ಅವಳಪ್ಪನೂ ತಮ್ಮ ವಿಶ್ವಾಸಿಯೂ ಆದ,
ಬೀಗ ರಿಪೇರಿಯವನು

ತಾಜಾ ಕಲಂ: ಲೆಕ್ಕದಲ್ಲಿ ಅವಳಿಗೆ ನೂರಕ್ಕೆ ಬಂದಿರುವ ಹನ್ನೊಂದು ಅಂಕದ ಎದುರು ತಾವು ಏನೂ ಬರೆದಿಲ್ಲ. ಅದು ಹುಟ್ಟುಗುಣವಲ್ಲವೆಂದು ನಾನೂ ಒಪ್ಪುತ್ತೇನೆ. ಆ ವಿಷಯವನ್ನು ವರ್ಷವಿಡೀ ಕಲಿಸಿದವರು ತಾವು.