ಗುರುಶಾಂತಪ್ಪ ಕಾಕಾನ ಸರ್ಕಾರಿ ನೀರು

ಪಕ್ಕದ ಮನೆಯ ಗುರುಶಾಂತಪ್ಪ ಕಾಕಾ ಹೊಲದ ಪಂಪಿನ ಮನೆಯಲ್ಲಿ ಹೊಸ ಯಂತ್ರ ಕೂರಿಸಿದ ದಿನ ನಮ್ಮನ್ನೆಲ್ಲ ಕರೆದು ಪೇಢೆ ಹಂಚಿದರು. ಹಳೇ ರೇಡಿಯೋ ಪೆಟ್ಟಿಗೆ, ಒಳಗೊಂದು ಮೊಬೈಲು, ಮೈತುಂಬ ತಂತಿ. ಮೆಣಸಿನ ಸಸಿಗಳಿಗೆ ಹನಿ ನೀರು ಬಿಡುವುದು ಅದರ ಕೆಲಸ. ಬಿಡುವಾದಾಗ ತೋಟಗಾರಿಕೆ ಕಚೇರಿಗೆ ಫೋನು ಮಾಡಿ, ಪೈಪಿನ ಸಹಾಯಧನ ಯಾವಾಗ ಬರುತ್ತದೆಂದು ಕೇಳಬೇಕು. ಕಾಕಾ ಸ್ವಂತ ಖರ್ಚಿನಲ್ಲಿ ಪೈಪು ಹಾಕಿಸಿ ವರ್ಷ ಕಳೆದಿತ್ತು.

"ಕೇಳಿ ಕೇಳಿ ನನಗ ಸಾಕಾಗೇತಿ. ಇದಕ್ಕ ಬ್ಯಾಸರ ಅನ್ನೂದ ಇಲ್ಲ," ಎಂದರು.

ಬೇಸರವೇನೋ ಇರಲಿಲ್ಲ. ಆದರೆ ಅದು ಕೇಳಿದ ಮಾತನ್ನು ಕಲಿಯುವ ಯಂತ್ರ. ಕೇಳಿದ್ದೆಲ್ಲ ಕಚೇರಿಯ ಮಾತೇ.

ವಾರದ ಮೇಲೆ ಅವರ ಹೆಂಡತಿ ನೀಲವ್ವ ಕಾಕು ಗುಂಡಿ ಒತ್ತಿದಾಗ ಪೆಟ್ಟಿಗೆ ವಿನಯದಿಂದ ಹೇಳಿತು: "ನೀರು ಮಂಜೂರಾಗಿದೆ. ಬಿಡುಗಡೆಯಾಗಿಲ್ಲ."

ಟ್ಯಾಂಕು ತುಂಬಿ ತುಳುಕುತ್ತಿತ್ತು! ಕಾಕಾ ಗೋಗರೆದ ಮೇಲೆ ಅರ್ಧ ಸಾಲುಗಳಿಗೆ ಮೊದಲ ಕಂತು ಬಿಟ್ಟಿತು. ಉಳಿದರ್ಧಕ್ಕೆ ಸಸಿಗಳ ಜೊತೆ ನಿಂತ ಫೋಟೋ ಕೇಳಿತು. ಕೊಟ್ಟರೆ, ನೆರಳು ಬಿದ್ದಿದೆಯೆಂದು ತಿರಸ್ಕರಿಸಿತು. ಕೈಯಿಂದ ತಿರುಗಿಸೋಣವೆಂದರೆ, ಕಳ್ಳರಿಗೆ ಹೆದರಿ ಕಾಕಾ ವಾಲ್ವುಗಳಿಗೆ ಹಿಡಿಕೆಯನ್ನೇ ಇಟ್ಟಿರಲಿಲ್ಲ. ಸಸಿಗಳು ಬಾಡತೊಡಗಿದವು. ಕಾಕು ಕೊಡ ಹೊತ್ತರು, ನಾನೂ ಹೊತ್ತೆ. ಕಾಕು ಬೈಯಲೇ ಇಲ್ಲ. ಕಾಕಾ ಹೆದರಿದ್ದು ಅದಕ್ಕೇ.

ಕೊನೆಗೆ ಕಾಕಾ, ಕಚೇರಿಯಲ್ಲಿ ಆ ಫೋನಿಗೆ ಉತ್ತರಿಸುತ್ತಿದ್ದ ರುಕ್ಸಾನಾ ಮೇಡಂ ಅವರನ್ನೇ ಕರೆತಂದರು. ತಮ್ಮ ಮಾತನ್ನೇ ಪೆಟ್ಟಿಗೆಯ ಬಾಯಲ್ಲಿ ಕೇಳಿ ಮೇಡಂ ಮುಖ ಸಣ್ಣದಾಯಿತು. ಮೇಲಿಂದ ಬಂದದ್ದೇ ಅರ್ಧ ದುಡ್ಡು, ಜಿಲ್ಲೆಗೆ ಫೋನು ಮಾಡಿದರೆ ತಮಗೂ ಇದೇ ಉತ್ತರ ಎಂದು ಕಾಕುವಿನ ಹತ್ತಿರ ಹೇಳಿಕೊಂಡರು. ಕಾಕು ಅವರಿಗೆ ಮಜ್ಜಿಗೆ ಕೊಟ್ಟರು.

ಮಜ್ಜಿಗೆ ಮುಗಿಸಿದ ಮೇಡಂ ಪೆಟ್ಟಿಗೆಯತ್ತ ಬಾಗಿ ಮೆಲ್ಲಗೆ ಹೇಳಿದರು: "ಇವತ್ತ ಮಾರ್ಚ್ ಮೂವತ್ತೊಂದು. ಸಂಜಿ ಒಳಗ ಖರ್ಚಾಗದ್ದೆಲ್ಲಾ ವಾಪಸ್ ಹೋಗತೈತಿ ನೋಡು."

ಆಗಿನ್ನೂ ಫೆಬ್ರವರಿ. ಯಂತ್ರ ಕ್ಯಾಲೆಂಡರ್ ನೋಡುವ ಗೋಜಿಗೆ ಹೋಗಲಿಲ್ಲ. ಎಲ್ಲ ವಾಲ್ವುಗಳೂ ಒಟ್ಟಿಗೇ ತೆರೆದುಕೊಂಡವು. ಪೈಪುಗಳು ಹಾವಿನಂತೆ ಎದ್ದು ಹಾರಾಡಿದವು. ಸಸಿ, ಬದು, ಮೇಡಂ ಸ್ಕೂಟರು, ಎಮ್ಮೆ, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್, ಎಲ್ಲರೂ ಫಲಾನುಭವಿಗಳಾದರು! ಟ್ಯಾಂಕು ಬರಿದಾದ ಮೇಲೆ ಸಸಿಗಳು ತಲೆ ಎತ್ತಿದವು. ಕಾಕಾ ಕೆಸರಲ್ಲಿ ಕೂತು ನಕ್ಕರು. ಮೇಡಂ ಕೂಡ.

ಸೆರಗು ಹಿಂಡುತ್ತ ನಿಂತಿದ್ದ ಕಾಕುವನ್ನು ಯಂತ್ರ ಬಳಕೆ ಪ್ರಮಾಣಪತ್ರಕ್ಕೆ ಸಹಿ ಕೇಳಿತು.

ಕಾಕು ವೈರು ಕಿತ್ತು ಹೇಳಿದರು, "ಮುಂದಿನ ವಾರ ಬಾ."