ಹೆಬ್ಬೆಟ್ಟು ಸಾಹುಕಾರರೂ ಸಿಲಿಕಾನ್ ಗೆರೆಯೂ

"ನದಿಗೆ ಅಣೆಕಟ್ಟು ಕಟ್ಟಿದವರೂ ಮನುಷ್ಯರೇ ಕಣೇ. ಇದೊಂದು ಬಚ್ಚಲ ಬಿರುಕು. ನಾಳೆಯಿಂದ ಒಂದು ಹನಿ ಕೆಳಗಿಳಿದರೂ ನನ್ನನ್ನ ಸಾಹುಕಾರ ಅಂತ ಕರೀಬೇಡ" ಎಂದು ಹಾಸಿಗೆ ಅಂಗಡಿಯ ಸಾಹುಕಾರರು ಘೋಷಿಸಿದರು.

"ನಾನು ಯಾವತ್ತು ಹಾಗೆ ಕರೆದಿದ್ದೀನಿ?" ಎಂದ ಹೆಂಡತಿ, ಬಟ್ಟೆ ಮಡಚುವುದನ್ನು ಮುಂದುವರಿಸಿದರು.

ಕೆಳಗೆ ಅಂಗಡಿ, ಮೇಲೆ ಮನೆ. ಮೇಲಿನ ಬಚ್ಚಲಲ್ಲಿ ಶವರಿನ ಕೆಳಗೆ, ನೆಲವೂ ಗೋಡೆಯ ಟೈಲ್ಸೂ ಸೇರುವ ಸಂದಿಗೆ ಹಿಂದೆಂದೋ ತುಂಬಿದ್ದ ಸಿಲಿಕಾನ್ ಅಂಟು ಕಪ್ಪುಗಟ್ಟಿ, ಬಿರಿದು, ಹಲ್ಲುದುರಿದ ಒಸಡಿನಂತೆ ಗೋಡೆಯಿಂದ ಜಾರಿ ನಿಂತಿತ್ತು. ಅದರ ಫಲವಾಗಿ ಅಂಗಡಿಯ ಚಾವಣಿಯ ಮೇಲೆ ಎಮ್ಮೆಯಾಕಾರದ ಒಂದು ಒದ್ದೆ ಕಲೆ. ದಿನೇ ದಿನೇ ಮೈತುಂಬಿಕೊಳ್ಳುತ್ತಿದ್ದ ಆ ಎಮ್ಮೆಯ ಬಾಯಿಂದ ಆಗಾಗ ಜೊಲ್ಲು ಸುರಿಯುತ್ತಿತ್ತು. ಸುರಿಯುತ್ತಿದ್ದುದು ಎಲ್ಲಿಗೆ? ಅಂಗಡಿಯ ಪಟ್ಟದ ಮಂಚದ ಮೇಲಕ್ಕೆ! ಅತ್ಯುತ್ತಮ ಹಾಸಿಗೆ ಹಾಸಿ, ಗಿರಾಕಿಗಳನ್ನು ಮಲಗಿಸಿ ನೋಡುವ ಮಂಚ ಅದು. ಗೋಡೆಗೆ ಬೋಲ್ಟು ಬಿಗಿದು ಕೂರಿಸಿದ್ದರಿಂದ ಅತ್ತಿತ್ತ ಸರಿಸುವಂತೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಆ ಮಂಚದ ಮೇಲೆ ಮಲಗಿ ನೋಡಲು ಬರುತ್ತಿದ್ದವರು ಊರಿನ ಹೊಸ ಹೋಟೆಲಿನ ಯಜಮಾನಿ. ಅಷ್ಟೂ ಕೋಣೆಗಳಿಗೆ ಹಾಸಿಗೆ ಬೇಕಿತ್ತು. ಅಂಥ ಗಿರಾಕಿ ಜನ್ಮಕ್ಕೊಮ್ಮೆ ಬರುತ್ತಾರೆ. ಹಣೆಯ ಮೇಲೆ ಬಚ್ಚಲ ನೀರು ಬಿದ್ದರೆ ಎರಡನೆಯ ಜನ್ಮಕ್ಕೂ ಬರುವುದಿಲ್ಲ. ಹೆಂಡತಿ ಪ್ಲಂಬರನ್ನು ಕರೆಸೋಣ ಎಂದರು. ಪ್ಲಂಬರು ಬಂದು, ಸಂದಿ ನೋಡಿ, ನಾಲಿಗೆ ಲೊಚಗುಟ್ಟಿ, ಇಡೀ ಬಚ್ಚಲು ಒಡೆಯಬೇಕು ಎನ್ನುತ್ತಾನೆಂದು ಸಾಹುಕಾರರಿಗೆ ಗೊತ್ತಿತ್ತು. ಹಳೆಯ ಹಾಸಿಗೆ ತಂದವರ ಮುಂದೆ ತಾವೂ ಹಾಗೆಯೇ ಲೊಚಗುಟ್ಟುವವರಲ್ಲವೇ!

ಹಾಗಾಗಿ ತಾವೇ ಹಾರ್ಡ್‌ವೇರ್ ಅಂಗಡಿಗೆ ಹೊರಟರು. ಅಲ್ಲಿ ಟ್ಯೂಬುಗಳ ಸೈನ್ಯವೇ ನಿಂತಿತ್ತು. ಕಿಟಕಿಗೊಂದು, ಮರಕ್ಕೊಂದು, ಬಣ್ಣ ಬಳಿಯಬಹುದಾದದ್ದೊಂದು, ಬೂಷ್ಟು ಹಿಡಿಯದ್ದೊಂದು, ಬಿಳಿ, ಬೂದು, ಪಾರದರ್ಶಕ. ಹಾಸಿಗೆಯಲ್ಲಿ ಮೆತ್ತನೆಯದು, ಗಟ್ಟಿಯದು ಎಂಬ ಎರಡೇ ಸತ್ಯಗಳನ್ನು ಕಂಡಿದ್ದ ಸಾಹುಕಾರರು ವಿಶ್ವರೂಪ ಕಂಡವರಂತೆ ನಿಂತುಬಿಟ್ಟರು. ಆದರೂ ವ್ಯಾಪಾರಿಯ ರಕ್ತ. ಅಂಗಡಿಯವನು ಕೈಗೆ ನೀಡಿದ ಮೊದಲ ಟ್ಯೂಬನ್ನು ಬೇಡವೆಂದರು. ಮೊದಲು ತೋರಿಸುವುದು ಖರ್ಚಾಗದ ಮಾಲು. ಎರಡನೆಯದನ್ನೂ ಬೇಡವೆಂದರು, ಅದು ಮೊದಲನೆಯದರ ಅಣ್ಣ. ಅವನು ಬೇಸತ್ತು ಬಚ್ಚಲಿಗೆಂದೇ ಮಾಡಿದ, ಬೂಷ್ಟು ಹಿಡಿಯದ ಬಿಳಿ ಸಿಲಿಕಾನ್ ಕೊಟ್ಟಾಗ ಒಪ್ಪಿದರು. ಒಪ್ಪಿದ್ದು ಸರಿಯಾದದ್ದನ್ನೇ. ಹಚ್ಚಿದ ಮೇಲೆ ಒಂದು ಇಡೀ ದಿನ ಮುಟ್ಟಬಾರದು, ನೀರು ತಾಗಿಸಬಾರದು ಎಂದು ಅವನು ಹೇಳಿದ್ದನ್ನು ಮಾತ್ರ ಸಾಹುಕಾರರು ಮುಗುಳ್ನಕ್ಕು ಬದಿಗಿಟ್ಟರು. ಅಂಥ ಎಚ್ಚರಿಕೆಗಳು ಯಾಕಿರುತ್ತವೆಂದು ಅವರಿಗೆ ಗೊತ್ತಿಲ್ಲವೇ? ಹಾಸಿಗೆಯ ಮೇಲೆ ಮಕ್ಕಳು ಕುಣಿಯಬಾರದು ಎಂದು ಅವರೂ ಚೀಟಿ ಅಂಟಿಸುತ್ತಾರೆ. ನಾಳೆ ಹಾಸಿಗೆ ಕುಸಿದರೆ, ಕುಣಿದಿರಬೇಕು ಎನ್ನಬಹುದಲ್ಲ!

ಆ ಮಧ್ಯಾಹ್ನದ ಕೆಲಸ ಮಾತ್ರ ನಿಜಕ್ಕೂ ನೋಡುವಂಥದ್ದು. ಹಳೆಯ ಸಿಲಿಕಾನನ್ನು ಬ್ಲೇಡಿನಿಂದ ಕೆರೆದು ತೆಗೆದರು. ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ಸಂದಿಗೆ ಬಿಸಿಗಾಳಿ ಊದಿ, ಬಾಣಂತಿಯ ತಲೆಯಂತೆ ಒಣಗಿಸಿದರು. ಸಂದಿಯ ಎರಡೂ ಬದಿಗೆ ಕಾಗದದ ಟೇಪು ಅಂಟಿಸಿದರು. ಟ್ಯೂಬಿನ ಮೂತಿಯನ್ನು ಓರೆಯಾಗಿ ಕತ್ತರಿಸಿ, ಅಂಟು ಒತ್ತುವ ಗನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ಅದರ ಕುದುರೆ ಒತ್ತಿದರು. ಬಿಳಿಯ ಗೆರೆ ಹೊರಟಿತು, ಎಲ್ಲೂ ತುಂಡಾಗದೆ, ಎಲ್ಲೂ ಉಬ್ಬದೆ! ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಸವರಿ, ಟೇಪು ಎಳೆದಾಗ ಎರಡೂ ಅಂಚು ಕತ್ತರಿ ಹಾಕಿದಂತೆ ಮೂಡಿದವು.

ಸಾಹುಕಾರರು ಕುಕ್ಕರುಗಾಲಲ್ಲಿ ಕೂತು ಆ ಗೆರೆಯನ್ನೇ ನೋಡಿದರು. ಈ ಕೈಗಳಿಂದ ಇದು ಬಂತೇ? ಹೆಂಡತಿಯನ್ನು ಕರೆದು ತೋರಿಸಿದರು. ಅವರೂ ಬಗ್ಗಿ ನೋಡಿ, "ಚೆನ್ನಾಗಿದೆ ರೀ. ನಿಜವಾಗ್ಲೂ ಚೆನ್ನಾಗಿದೆ. ಈಗ ಆಚೆ ಬನ್ನಿ, ಬಾಗಿಲು ಹಾಕ್ತೀನಿ" ಎಂದರು.

ಅಷ್ಟಕ್ಕೇ ನಿಂತಿದ್ದರೆ ಇದು ವೀರಗಾಥೆಯಾಗುತ್ತಿತ್ತು. ಆದರೆ ಪೇಟೆಯಲ್ಲಿ ಅವರನ್ನು ಹೆಬ್ಬೆಟ್ಟು ಸಾಹುಕಾರರು ಎಂದು ಕರೆಯುತ್ತಿದ್ದುದು ಸುಮ್ಮನಲ್ಲ. ಸಹಿ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಎದುರಿಗೆ ಮೆತ್ತಗಿರುವುದು ಏನೇ ಕಂಡರೂ ಹೆಬ್ಬೆಟ್ಟು ಊರಿ, ಅದು ಎಷ್ಟು ಬೇಗ ಮೇಲೇಳುತ್ತದೆ ಎಂದು ನೋಡದೆ ಬಿಡುತ್ತಿರಲಿಲ್ಲ. ಹಾಸಿಗೆ, ದಿಂಬು, ಬೀಗರ ಮನೆಯ ಸೋಫಾ ಯಾವುದೂ ಆ ಪರೀಕ್ಷೆಯಿಂದ ಪಾರಾಗಿರಲಿಲ್ಲ.

ಸಂಜೆ ಬಚ್ಚಲ ಬಾಗಿಲು ಮೆಲ್ಲನೆ ತೆರೆಯಿತು. ಒಣಗಿದೆಯೋ ಇಲ್ಲವೋ ಎಂದು ಒಂದೇ ಒಂದು ಸಲ ಒತ್ತಿದರು. ಸಿಲಿಕಾನ್ ಮೇಲೇಳಲಿಲ್ಲ. ಇಲ್ಲಿ ಏಳದಿದ್ದರೆ ಅಲ್ಲಿ ಎದ್ದೀತೆಂದು ಪಕ್ಕದಲ್ಲಿ ಒತ್ತಿದರು. ಊಟವಾದ ಮೇಲೆ ಒತ್ತಿದರು. ಮಲಗುವ ಮುಂಚೆ ಒತ್ತಿದರು. ಬೆಳಿಗ್ಗೆ ನೋಡಿದರೆ ಆ ದಿವ್ಯ ಗೆರೆಯ ಉದ್ದಕ್ಕೂ ಕೋಳಿ ಕುಕ್ಕಿದಂತೆ ಗುಳಿಗಳು! ಕೆಲವು ಗುಳಿಗಳ ತಳದಲ್ಲಿ ಸಂದಿ ಮತ್ತೆ ಕಣ್ಣು ಬಿಟ್ಟಿತ್ತು.

ಹೆಂಡತಿ ಬೈಯಲಿಲ್ಲ. ಹೋಟೆಲ್ ಯಜಮಾನಿಗೆ ಫೋನ್ ಮಾಡಿ ನಾಳೆ ಬರಲು ಹೇಳಿ, ಇವತ್ತು ಯಾರೂ ಶವರ್ ಮುಟ್ಟುವುದು ಬೇಡ ಎಂದಷ್ಟೇ ಹೇಳಿ ಅಂಗಡಿ ತೆರೆಯಲು ಕೆಳಗಿಳಿದರು. ಸಾಹುಕಾರರು ಫೋನಿಗೆ ಹೆಬ್ಬೆಟ್ಟು ಒತ್ತಿದರು. ಗುಳಿಗಳನ್ನು ಮತ್ತೊಮ್ಮೆ ಒತ್ತಿ ನೋಡಿದ್ದ ಬೆರಳಿನ ಮೇಲೆ ಸಿಲಿಕಾನಿನ ಹಸಿ ಪೊರೆ ಕೂತಿತ್ತು. ಫೋನು ಒಡೆಯನನ್ನು ಗುರುತಿಸಲಿಲ್ಲ. ಗುಟ್ಟಿನ ಸಂಖ್ಯೆ ಕೇಳಿತು. ಇಷ್ಟು ವರ್ಷ ಹೆಬ್ಬೆಟ್ಟನ್ನೇ ನಂಬಿದ್ದವರಿಗೆ ಆ ಸಂಖ್ಯೆ ಎಲ್ಲಿ ನೆನಪಿರಬೇಕು? ಯೋಚಿಸುತ್ತಾ ಮೀಸೆ ತಿರುವಿದರು. ಮೀಸೆಯೂ ಅಂಟಿಕೊಂಡು, ತಿರುವಿದಲ್ಲೇ ನಿಂತಿತು. ಬಿಡಿಸಲು ಹೋದ ಇನ್ನೊಂದು ಕೈಯೂ ಅಂಟಾಯಿತು. ಆ ಕೈಯಿಂದ ಒರೆಸಿಕೊಂಡ ಹುಬ್ಬು ಮೇಲಕ್ಕೆದ್ದು ಹಾಗೆಯೇ ಉಳಿಯಿತು. ಕನ್ನಡಿಯಲ್ಲಿ ಒಂದು ಕಡೆಯಿಂದ ರಾಜಗಾಂಭೀರ್ಯ, ಇನ್ನೊಂದು ಕಡೆಯಿಂದ ದಿಗ್ಭ್ರಮೆ. ಗೋಡೆಗೆ ಹಿಡಿಯಲೊಲ್ಲದ ವಸ್ತು ಮನುಷ್ಯನನ್ನು ಹೀಗೆ ಹಿಡಿಯುತ್ತದಲ್ಲ ಎಂದು ಸಾಹುಕಾರರು ಬೆರಗಾದರು.

ಅಷ್ಟರಲ್ಲಿ ಕೆಳಗೆ ಕಾರಿನ ಬಾಗಿಲು ಮುಚ್ಚಿದ ಸದ್ದು, ಹೆಂಗಸಿನ ದನಿ. ಯಜಮಾನಿ ನಾಳೆಯವರೆಗೆ ಕಾಯದೆ ಇವತ್ತೇ ಬಂದಿದ್ದರು!

ಈ ಮುಖ ಹೊತ್ತು ಇಳಿಯುವುದು ಹೇಗೆ? ಗಾಬರಿಯಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ, ಕೆಲಸ ಮಾಡುವುದು ಅಭ್ಯಾಸ. ಸಾಹುಕಾರರು ಬಚ್ಚಲಿಗೆ ನುಗ್ಗಿ, ಶವರ್ ತಿರುವಿ, ಮುಖಕ್ಕೆ ಸೋಪು ಹಚ್ಚಿ ತಿಕ್ಕಿದರು. ಮೀಸೆ ಬಗ್ಗಲಿಲ್ಲ. ಇನ್ನಷ್ಟು ತಿಕ್ಕಿದರು. ಕಾಲ ಬಳಿ ನೀರು ಸಂದಿಯತ್ತ ಸಾಗುವುದು ಕಂಡಾಗಲೇ ಅವರಿಗೆ ಎಚ್ಚರವಾದದ್ದು. ಅದು ಒಂದೊಂದೇ ಗುಳಿಯ ಬಳಿ ನಿಂತು, ವಿಚಾರಿಸಿ, ಆಗದಿದ್ದರೆ ಮುಂದಿನದಕ್ಕೆ ಹೋಗಿ, ಕೊನೆಗೆ ಒಂದರಲ್ಲಿ ಸದ್ದಿಲ್ಲದೆ ಒಳಹೊಕ್ಕಿತು. ಇಂಥ ತಾಳ್ಮೆಯ ಗಿರಾಕಿಯನ್ನು ಅವರು ಕಂಡಿರಲಿಲ್ಲ.

ಶವರ್ ನಿಲ್ಲಿಸಿ, ಸಿಕ್ಕಿದ ಪಂಚೆ ಸುತ್ತಿ, ಟವೆಲು ಹೊದ್ದು ಮೆಟ್ಟಿಲ ತಿರುವಿನವರೆಗೆ ಓಡಿದವರು ಅಲ್ಲೇ ಕಂಬವಾದರು. ಹೋಟೆಲ್ ಯಜಮಾನಿ ಮಂಚದ ಮೇಲೆ ಅಂಗಾತ ಮಲಗಿದ್ದರು. ಎಮ್ಮೆಯ ಬಾಯಿಂದ ಹನಿಯೊಂದು ಜಾರಿ, ಅವರ ಕಿವಿಯ ಪಕ್ಕದಲ್ಲೇ ಟಪ್ಪೆಂದಿತು. ಯಜಮಾನಿ ಎದ್ದು ಕೂತು ಚಾವಣಿ ನೋಡಿದರು. ಇದೇನಮ್ಮ ಎಂದು ಕೇಳಿದರು.

ಸಾಹುಕಾರರಾಗಿದ್ದರೆ ಎ.ಸಿ. ಮೇಲೆ ತಪ್ಪು ಹೊರಿಸುತ್ತಿದ್ದರು. ಅಂಗಡಿಯಲ್ಲಿ ಎ.ಸಿ. ಇರಲಿಲ್ಲ, ಅದು ಬೇರೆ ಮಾತು. ಹೆಂಡತಿ ಮಾತ್ರ ಶಾಂತವಾಗಿ, "ನಮ್ಮ ಮನೆ ಬಚ್ಚಲ ನೀರು ಮೇಡಂ. ನಮ್ಮೆಜಮಾನ್ರು ರಿಪೇರಿ ಮಾಡಿದಾರೆ" ಎಂದರು. ಬಳಿಕ ಒದ್ದೆಯಾದ ಬೆಡ್‌ಶೀಟನ್ನು ಎತ್ತಿದರು. ಅದರ ಕೆಳಗೆ ನೀರು ಇಳಿಯದ ಹೊದಿಕೆಯೊಂದು ಬಿಗಿಯಾಗಿ ಕೂತಿತ್ತು. ಗಂಡನ ರಿಪೇರಿಯನ್ನು ಅಷ್ಟು ಮೆಚ್ಚಿದ ಆಕೆ, ಹಿಂದಿನ ಸಂಜೆ ಅಂಗಡಿ ಮುಚ್ಚುವ ಮುನ್ನ ಅದನ್ನು ತೊಡಿಸಿ ಬಂದಿದ್ದರು! ಹೊದಿಕೆಯ ಜಿಪ್ಪನ್ನು ಸರ್ರನೆ ಎಳೆದು, ಯಜಮಾನಿಯ ಕೈಯನ್ನೇ ಹಿಡಿದು ಹಾಸಿಗೆಯ ಮೇಲಿಟ್ಟು, "ನೀವೇ ನೋಡಿ, ಒಣಗಿದೆ. ಹೋಟೆಲ್ ಅಂದ್ಮೇಲೆ ಒಬ್ಬರು ಕಾಫಿ ಚೆಲ್ತಾರೆ, ಇನ್ನೊಬ್ಬರ ಮಗು ಇನ್ನೇನೋ ಚೆಲ್ಲುತ್ತೆ" ಎಂದರು.

ಯಜಮಾನಿ ಸವರಿ ನೋಡಿದರು, ಮತ್ತೆ ಸವರಿದರು. ಅವರ ಕಣ್ಣಲ್ಲಿ ಒಂದು ಹೊಳಪು ಬಂತು. ಗಿರಾಕಿಯ ಆ ಹೊಳಪನ್ನು ಸಾಹುಕಾರರು ಎಷ್ಟು ದೂರದಿಂದಲಾದರೂ ಗುರುತಿಸಬಲ್ಲರು. ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹೊದಿಕೆಯನ್ನು ಹೀಗೂ ಮಾರಬಹುದೇ! ಇಷ್ಟು ವರ್ಷ ಒಂದೇ ಸೂರಿನಡಿ ಇಂಥ ಪ್ರತಿಭೆ ಬಟ್ಟೆ ಮಡಚುತ್ತಾ ಕೂತಿತ್ತೇ! ಅವರ ಒಂದು ಹುಬ್ಬು ಮೊದಲೇ ಮೇಲೆದ್ದಿತ್ತು. ಈಗ ಎರಡನೆಯದೂ ಎದ್ದಿತು.

"ಒಂದು ಹನಿಗೆ ಹೇಗಮ್ಮ ಹೇಳೋದು? ಇನ್ನೊಂದಿಷ್ಟು ಬಿದ್ದಿದ್ರೆ ಗೊತ್ತಾಗ್ತಿತ್ತು" ಎಂದರು ಯಜಮಾನಿ.

ಹೆಂಡತಿ ಜಿಪ್ಪು ಎಳೆದು, ತಲೆಯೆತ್ತಿ ಮೆಟ್ಟಿಲ ತಿರುವನ್ನು ನೋಡಿದರು. "ರೀ, ಹೋಗಿ ಇನ್ನೊಂದು ಸ್ನಾನ ಮಾಡಿ."

ಅಣೆಕಟ್ಟು ಕಟ್ಟಲು ಹೊರಟಿದ್ದ ವೀರರು ಮೇಲೇರಿ, ಶವರಿನ ಕೆಳಗೆ ನಿಂತರು. ಸ್ವಲ್ಪ ಹೊತ್ತಿನಲ್ಲೇ ಕೆಳಗಿನಿಂದ ಮತ್ತೆ ಕೂಗು ಬಂತು.

"ಧಾರಾಳವಾಗಿ ಬಿಡ್ರೀ. ಮೇಡಂಗೆ ಹನಿ ಸಾಲ್ತಾ ಇಲ್ಲ."